ಏಟು ಬಿದ್ದವನನ್ನು ನೋಡುವ ಕ್ರಮ, ಡಾಕ್ಟರರಿಗೆ ಹೇಳುವ ಮಾತು



ಬೆಂಕಿ, ಕುದಿಯುವ ಎಣ್ಣೆ, ಚೂರಿ, ಗ್ರೈಂಡರು, ಒದ್ದೆ ನೆಲ, ಇವಿಷ್ಟೂ ನಮ್ಮ ಅಡುಗೆ ಕೋಣೆಯಲ್ಲಿ ಬೆಳಗ್ಗೆ ಐದರಿಂದ ರಾತ್ರಿ ಹನ್ನೊಂದರ ತನಕ ಒಟ್ಟಿಗೇ ಇರುತ್ತವೆ. ಹುಡುಗರಿಗೆ ಏಟು ಬೀಳದ ಹೋಟೆಲು ಮುಂಬಯಿಯಲ್ಲಿ ಇಲ್ಲ. ಏಟು ಬಿದ್ದ ಕೂಡಲೇ ರಿಕ್ಷಾ ಹಿಡಿದು ಆಸ್ಪತ್ರೆಗೆ ಓಡುವುದರಲ್ಲಿ ನಮ್ಮವರು ಹಿಂದೆ ಬೀಳುವವರೂ ಅಲ್ಲ. ಆದರೆ ಅಲ್ಲಿ ಡಾಕ್ಟರರು "ಏನಾಯಿತು, ನೀವು ಏನು ನೋಡಿದಿರಿ" ಎಂದು ಕೇಳಿದಾಗ ನಾವು ಕೊಡುವ ಉತ್ತರ ಹೆಚ್ಚಾಗಿ ಅರ್ಧಂಬರ್ಧ ಇರುತ್ತದೆ. ಅದರಿಂದ ಎಷ್ಟು ದೊಡ್ಡ ತೊಂದರೆ ಆಗಬಹುದು ಎಂಬುದು ನಮಗೆ ಗೊತ್ತಾದದ್ದು ನಮ್ಮದೇ ಒಂದು ತಪ್ಪಿನಿಂದ. ಅದನ್ನು ಮುಚ್ಚಿಡದೆ ಬರೆಯುತ್ತಿದ್ದೇವೆ.

ಕೆಲವು ವರ್ಷಗಳ ಹಿಂದಿನ ಮಾತು. ಬೊರಿವಲಿಯ ನಮ್ಮ ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಗಲಾಟೆ ಮುಗಿದು ಮೂರು ಗಂಟೆಯ ಹೊತ್ತು. ಝಾರ್ಖಂಡಿನ ಹುಡುಗನೊಬ್ಬ ಸಾಂಬಾರಿನ ಖಾಲಿ ತಪಲೆ ಎತ್ತಿಕೊಂಡು ಮೋರಿಯ ಕಡೆಗೆ ಹೋಗುವಾಗ ಕಾಲು ಜಾರಿ ಹಿಂದಕ್ಕೆ ಬಿದ್ದ. ತಲೆ ಕಡಪಾ ಕಲ್ಲಿನ ಕಟ್ಟೆಗೆ ಬಡಿಯಿತು. ಒಂದೆರಡು ನಿಮಿಷ ಕರೆದರೂ ಮಾತಿಲ್ಲ. ನಾವು ಮುಖಕ್ಕೆ ನೀರು ಚಿಮುಕಿಸಿದೆವು, ಎದ್ದು ಕುಳಿತ. ಸಕ್ಕರೆ ಹಾಕಿದ ಚಹಾ ಕುಡಿಸಿದೆವು. "ಕುಛ್ ನಹೀಂ ಹುವಾ ಸೇಠ್" ಎಂದು ನಗುತ್ತಲೇ ಮತ್ತೆ ಕೆಲಸಕ್ಕೆ ನಿಂತ. ರಕ್ತ ಇಲ್ಲ, ಗಾಯ ಇಲ್ಲ, ನಾವೂ ಮರೆತೆವು. ರಾತ್ರಿ ಒಂಬತ್ತಕ್ಕೆ ತಲೆನೋವು ಎಂದ, ಎರಡು ಸಲ ವಾಂತಿ ಮಾಡಿದ. ಆಗ ಬೇರೊಬ್ಬ ಹುಡುಗನ ಜೊತೆ ಒಂದು ಆಸ್ಪತ್ರೆಗೆ ಕಳಿಸಿದೆವು. ಜೊತೆಗೆ ಹೋದವನು ಬೀಳುವುದನ್ನು ನೋಡಿದವನಲ್ಲ. ನಾವು ಫೋನಿನಲ್ಲಿ ಹೇಳಿದ್ದನ್ನೇ ಅವನು ಅಲ್ಲಿ ಹೇಳಿದ: "ಚಕ್ಕರ್ ಬಂದು ಬಿದ್ದ, ಈಗ ವಾಂತಿ."

ಚಕ್ಕರ್ ಬಂದು ಬಿದ್ದ ಎಂದರೆ ಡಾಕ್ಟರರಿಗೆ ಅರ್ಥವಾಗುವುದು ಏನು? ಮೊದಲು ತಲೆ ತಿರುಗಿತು, ಅದಕ್ಕೆ ಬಿದ್ದ. ಹಾಗಾದರೆ ಶುಗರ್ ನೋಡಬೇಕು, ಬಿ.ಪಿ. ನೋಡಬೇಕು, ಊಟ ಮಾಡಿದ್ದಾನೋ ಕೇಳಬೇಕು. ಅವರು ಅದನ್ನೇ ಮಾಡಿದರು, ಬಾಟಲಿ ಹಾಕಿದರು. ನಿಜವಾಗಿ ನಡೆದದ್ದು ತಿರುಗಾಮುರುಗಾ: ಮೊದಲು ಬಿದ್ದ, ತಲೆಗೆ ಏಟಾಯಿತು, ಎಚ್ಚರ ತಪ್ಪಿತು. ಗಂಟೆಯ ಮೇಲೆ ಡ್ಯೂಟಿಗೆ ಬಂದ ಇನ್ನೊಬ್ಬ ಡಾಕ್ಟರರು "ಬಿದ್ದಾಗ ಬೇಹೋಷ್ ಆಗಿದ್ದನೇ" ಎಂದು ನೇರವಾಗಿ ಕೇಳಿದ ಮೇಲೆ ವಿಷಯ ಹೊರಬಿತ್ತು. ಸ್ಕ್ಯಾನ್ ಮಾಡಿದಾಗ ತಲೆಬುರುಡೆಯ ಒಳಗೆ ರಕ್ತ ಕಟ್ಟಿತ್ತು. ರಾತ್ರೋರಾತ್ರಿ ದೊಡ್ಡ ಆಸ್ಪತ್ರೆಗೆ ಸಾಗಿಸಿ ಆಪರೇಷನ್ ಆಯಿತು. ಹುಡುಗ ಬದುಕಿದ. ಆದರೆ ಬಲಗೈಯ ಹಿಡಿತ ಪೂರ್ತಿ ಬರಲಿಲ್ಲ. ಈಗ ಪಾರ್ಸೆಲ್ ಕೌಂಟರಿನಲ್ಲಿ ಕೂರುತ್ತಾನೆ, ಚಹಾದ ಟ್ರೇ ಎತ್ತುವುದಿಲ್ಲ.

ಡಾಕ್ಟರರದ್ದು ತಪ್ಪು ಎನ್ನಲು ನಮಗೆ ಬಾಯಿ ಬರುವುದಿಲ್ಲ. ಅವರಿಗೆ ತಪ್ಪು ಶಬ್ದ ಕೊಟ್ಟವರು ನಾವು.

ಆ ಮೇಲೆ ನಮ್ಮ ಗಿರಾಕಿಗಳಾದ ಡಾಕ್ಟರರೊಬ್ಬರ ಹತ್ತಿರ, ಬೆಳಗ್ಗೆ ಅವರು ಇಡ್ಲಿ ತಿನ್ನಲು ಬರುವಾಗ, ದಿನಕ್ಕೆ ಎರಡು ಮೂರು ಶಬ್ದದಂತೆ ಕೇಳಿ ಕೇಳಿ ಒಂದು ವಹಿಯಲ್ಲಿ ಬರೆದುಕೊಂಡೆವು. ಹತ್ತನೇ ಕ್ಲಾಸಿಗೆ ನಿಂತ ನಮಗೆ ಅರ್ಥವಾದ ಹಾಗೆ ಇಲ್ಲಿ ಕೊಡುತ್ತಿದ್ದೇವೆ. ಇದು ಮದ್ದು ಮಾಡುವ ವಿದ್ಯೆ ಅಲ್ಲ. ನೋಡಿದ್ದನ್ನು ಸರಿಯಾದ ಹೆಸರಿನಲ್ಲಿ ಹೇಳುವ ವಿದ್ಯೆ ಮಾತ್ರ.

ನಾಲ್ಕು ಕೆಲಸ, ಅದರಲ್ಲಿ ನಮ್ಮದು ಎರಡು

ಡಾಕ್ಟರರು ರೋಗಿಯನ್ನು ಪರೀಕ್ಷಿಸುವುದಕ್ಕೆ ನಾಲ್ಕು ಕೆಲಸಗಳಿವೆ. ಕಣ್ಣಿನಿಂದ ನೋಡುವುದು ಇನ್‌ಸ್ಪೆಕ್ಷನ್. ಕೈಯಿಂದ ಮುಟ್ಟಿ, ಒತ್ತಿ ನೋಡುವುದು ಪಾಲ್ಪೇಷನ್. ಬೆರಳಿನಿಂದ ತಟ್ಟಿ ಸದ್ದು ಕೇಳುವುದು ಪರ್ಕಷನ್. ಸ್ಟೆತಾಸ್ಕೋಪ್ ಇಟ್ಟು ಕೇಳುವುದು ಆಸ್ಕಲ್ಟೇಷನ್. ಕೊನೆಯ ಎರಡು ಅವರಿಗೇ ಇರಲಿ.

ಆದರೆ ತಟ್ಟಿ ನೋಡುವ ವಿದ್ಯೆಯನ್ನು ಕಂಡುಹಿಡಿದವರು ನಮ್ಮ ಜಾತಿಯವರೇ ಎಂದರೆ ನಂಬುತ್ತೀರಾ? ಹೋಟೆಲಿನವರ ಜಾತಿ! ಆಸ್ಟ್ರಿಯಾ ದೇಶದ ಗ್ರಾಜ್ ಎಂಬ ಊರಿನಲ್ಲಿ ವಸತಿಗೃಹ ನಡೆಸುತ್ತಿದ್ದವರ ಮಗ ಲಿಯೋಪೋಲ್ಡ್ ಔಎನ್‌ಬ್ರುಗ್ಗರ್. ತಂದೆಯ ನೆಲಮಾಳಿಗೆಯಲ್ಲಿ ವೈನಿನ ಪೀಪಾಯಿಯನ್ನು ತಟ್ಟಿ ಎಲ್ಲಿಯ ತನಕ ತುಂಬಿದೆ ಎಂದು ತಿಳಿಯುವುದನ್ನು ನೋಡಿದ್ದವರು, ಮುಂದೆ ವಿಯೆನ್ನಾದಲ್ಲಿ ಡಾಕ್ಟರರಾದ ಮೇಲೆ ರೋಗಿಯ ಎದೆಯನ್ನು ಹಾಗೆಯೇ ತಟ್ಟಿ ಒಳಗೆ ನೀರು ತುಂಬಿದೆಯೋ ಇಲ್ಲವೋ ಎಂದು ಹೇಳತೊಡಗಿದರು ಎನ್ನುತ್ತಾರೆ. 1761ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. ಎಣ್ಣೆ ಡಬ್ಬವನ್ನು ತಟ್ಟಿ ಎಷ್ಟು ಉಳಿದಿದೆ ಎಂದು ನಮ್ಮ ಭಟ್ಟರು ಹೇಳುವುದಿಲ್ಲವೇ, ಅದೇ. ಸ್ಟೆತಾಸ್ಕೋಪ್ ಬಂದದ್ದು ಇನ್ನೂ 55 ವರ್ಷ ಕಳೆದು, 1816ರಲ್ಲಿ ಪ್ಯಾರಿಸಿನಲ್ಲಿ.

ಈ ನಾಲ್ಕಕ್ಕೂ ಮೊದಲು ಐದನೆಯದೊಂದಿದೆ, ಹಿಸ್ಟರಿ. ಅಂದರೆ ಏನಾಯಿತು ಎಂಬ ಕಥೆ. ಅದು ಡಾಕ್ಟರರ ಕೈಯಲ್ಲಿ ಇಲ್ಲ, ನಮ್ಮ ಕೈಯಲ್ಲಿದೆ. ಯಾಕೆಂದರೆ ಬೀಳುವಾಗ ಅವರು ಅಲ್ಲಿರಲಿಲ್ಲ.

ಮೊದಲು ಎಚ್ಚರ, ಆಮೇಲೆ ಗಾಯ

ಏಟು ಬಿದ್ದವನ ಹತ್ತಿರ ಹೋದಾಗ ನಮ್ಮ ಕಣ್ಣು ಮೊದಲು ರಕ್ತದ ಕಡೆಗೆ ಹೋಗುತ್ತದೆ. ರಕ್ತ ಧಾರೆಯಾಗಿ ಹರಿಯುತ್ತಿದ್ದರೆ ಸರಿ, ಶುದ್ಧ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಆದರೆ ನೋಡುವ ಕ್ರಮ ಬೇರೆ ಇದೆ. ಡಾಕ್ಟರರು ಅದಕ್ಕೆ ಎ, ಬಿ, ಸಿ ಎನ್ನುತ್ತಾರೆ. ಏರ್‌ವೇ, ಅಂದರೆ ಉಸಿರಿನ ದಾರಿ ತೆರೆದಿದೆಯೇ. ಬ್ರೀದಿಂಗ್, ಉಸಿರು ಆಡುತ್ತಿದೆಯೇ. ಸರ್ಕ್ಯುಲೇಷನ್, ನಾಡಿ ಇದೆಯೇ, ರಕ್ತ ಹೋಗುತ್ತಿದೆಯೇ. ಮಾತನಾಡುತ್ತಿದ್ದಾನೆ ಎಂದರೆ ಮೊದಲಿನದು ಸದ್ಯಕ್ಕೆ ಸರಿ ಇದೆ ಎಂದರ್ಥ. ದೊಡ್ಡವರ ಉಸಿರು ನಿಮಿಷಕ್ಕೆ 12ರಿಂದ 20, ನಾಡಿ 60ರಿಂದ 100. ಗಲ್ಲದ ಮೇಲಿನ ಗಡಿಯಾರ ನೋಡಿ ಎಣಿಸಲು ಬೇರೆ ವಿದ್ಯೆ ಬೇಡ. ಎಷ್ಟು ಗಂಟೆಗೆ ಎಷ್ಟು ಇತ್ತು ಎಂದು ಬರೆದಿಟ್ಟರೆ ಆಸ್ಪತ್ರೆಯಲ್ಲಿ ಎಣಿಸಿದ್ದರ ಜೊತೆ ತಾಳೆ ನೋಡಿ, ಹೆಚ್ಚುತ್ತಿದೆಯೋ ಇಳಿಯುತ್ತಿದೆಯೋ ಎಂದು ಅವರಿಗೆ ತಿಳಿಯುತ್ತದೆ.

ಇನ್ನೊಂದು ಸುಲಭದ ಪರೀಕ್ಷೆ: ಅವನ ಬೆರಳಿನ ಉಗುರನ್ನು ಐದು ಸೆಕೆಂಡು ಒತ್ತಿ ಬಿಡಿ. ಬಿಳಿಯಾದ ಉಗುರಿಗೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ಇದಕ್ಕೆ ಕ್ಯಾಪಿಲರಿ ರಿಫಿಲ್ ಎಂದು ಹೆಸರು. ತಡವಾದರೆ, ಮೈ ತಣ್ಣಗೆ ಬೆವರಿದ್ದರೆ, ಮುಖ ಬಿಳಿಚಿದ್ದರೆ, ಹೊರಗೆ ರಕ್ತ ಕಾಣದಿದ್ದರೂ ಒಳಗೆ ಹೋಗುತ್ತಿರಬಹುದು. ಹೊಟ್ಟೆಗೆ ಸಿಲಿಂಡರೋ ಮೂಟೆಯೋ ಬಿದ್ದಾಗ ಇದನ್ನು ಮರೆಯಬಾರದು.

ಎಚ್ಚರವನ್ನು ಹೇಳಲು ನಾಲ್ಕು ಮೆಟ್ಟಿಲು ಇವೆ, ಎ.ವಿ.ಪಿ.ಯು. ಎಂದು ಕರೆಯುತ್ತಾರೆ. ಎ ಅಂದರೆ ಅಲರ್ಟ್, ಕಣ್ಣು ಬಿಟ್ಟು ತಾನಾಗಿ ಮಾತಾಡುತ್ತಾನೆ. ವಿ ಅಂದರೆ ವಾಯ್ಸ್, ಕರೆದರೆ ಮಾತ್ರ ಓಗೊಡುತ್ತಾನೆ. ಪಿ ಅಂದರೆ ಪೇನ್, ಚಿವುಟಿದರೆ ಮಾತ್ರ ಅಲುಗಾಡುತ್ತಾನೆ. ಯು ಅಂದರೆ ಯಾವುದಕ್ಕೂ ಇಲ್ಲ. "ಸ್ವಲ್ಪ ಮಂಪರು ಇತ್ತು" ಎನ್ನುವ ಬದಲು "ಕರೆದಾಗ ಕಣ್ಣು ಬಿಡುತ್ತಿದ್ದ, ತಾನಾಗಿ ಬಿಡುತ್ತಿರಲಿಲ್ಲ" ಎಂದರೆ ಡಾಕ್ಟರರಿಗೆ ಒಂದು ಅಳತೆ ಸಿಕ್ಕಿತು. ಅವರು ಆಸ್ಪತ್ರೆಯಲ್ಲಿ ಬಳಸುವುದು ಇದಕ್ಕಿಂತ ಸೂಕ್ಷ್ಮವಾದ ಗ್ಲಾಸ್ಗೋ ಅಳತೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 1974ರಲ್ಲಿ ಮಾಡಿದ್ದು. ಕಣ್ಣಿಗೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಒಟ್ಟು 15 ಮಾರ್ಕು. ಏನೂ ಇಲ್ಲದವನಿಗೂ 3 ಸಿಗುತ್ತದೆ. 8 ಅಥವಾ ಅದಕ್ಕಿಂತ ಕೆಳಗೆ ಎಂದರೆ ಬಹಳ ಗಂಭೀರ. ಕೇಸ್ ಪೇಪರಿನಲ್ಲಿ ಜಿ.ಸಿ.ಎಸ್. ಎಂದು ಬರೆದಿರುವುದು ಇದೇ.

ತಲೆಗೆ ಏಟು ಬಿದ್ದಾಗ ಕ್ಯಾಶುವಲ್ಟಿಯಲ್ಲಿ ತಪ್ಪದೆ ಕೇಳುವ ನಾಲ್ಕು ಪ್ರಶ್ನೆಗಳಿವೆ. ಎಲ್.ಓ.ಸಿ. ಇತ್ತೇ, ಅಂದರೆ ಎಚ್ಚರ ತಪ್ಪಿತ್ತೇ, ಎಷ್ಟು ಹೊತ್ತು. ವಾಂತಿ ಆಯಿತೇ, ಎಷ್ಟು ಸಲ. ಇ.ಎನ್.ಟಿ. ಬ್ಲೀಡ್, ಕಿವಿ ಮೂಗು ಬಾಯಿಯಿಂದ ರಕ್ತ ಬಂತೇ. ಕನ್ವಲ್ಷನ್, ಫಿಟ್ಸ್ ಬಂತೇ. ಈ ನಾಲ್ಕಕ್ಕೆ ಹೌದು ಅಥವಾ ಇಲ್ಲ ಎಂಬ ಉತ್ತರ ಸಿದ್ಧವಾಗಿರಬೇಕು. ಕಿವಿಯಿಂದ ಮೂಗಿನಿಂದ ನೀರಿನಂತೆ ತೆಳ್ಳಗೆ ಇಳಿದರೂ ಹೇಳಬೇಕು. ಕಣ್ಣಿನ ಪಾಪೆ ಎರಡೂ ಒಂದೇ ಗಾತ್ರ ಇವೆಯೇ ಎಂದು ಮೊಬೈಲಿನ ಬೆಳಕಿನಲ್ಲಿ ಒಮ್ಮೆ ನೋಡಿಕೊಳ್ಳಿ. ಒಂದು ಚಿಕ್ಕದು ಒಂದು ದೊಡ್ಡದು ಇದ್ದರೆ ತಡಮಾಡಬಾರದು.

ನಮ್ಮ ಹುಡುಗನಿಗೆ ಆದದ್ದಕ್ಕೂ ಡಾಕ್ಟರರ ಹತ್ತಿರ ಹೆಸರಿತ್ತು, ಲೂಸಿಡ್ ಇಂಟರ್ವಲ್. ಎಚ್ಚರ ತಪ್ಪಿ, ಮತ್ತೆ ಸರಿಯಾಗಿ, ಕೆಲವು ಗಂಟೆ ಚೆನ್ನಾಗಿಯೇ ಇದ್ದು, ಒಳಗೆ ರಕ್ತ ಕಟ್ಟುತ್ತಾ ಬಂದ ಮೇಲೆ ಕುಸಿಯುವುದು. ನಡುವಿನ ಆ ಒಳ್ಳೆಯ ಹೊತ್ತಿನಲ್ಲಿ ಅವನು ನಮ್ಮಲ್ಲಿ ನಲವತ್ತು ಪ್ಲೇಟು ತೊಳೆದಿದ್ದ. ಎಚ್ಚರ ತಪ್ಪಿದವನು ಎಷ್ಟೇ ಸರಿಯಾಗಿ ಕಂಡರೂ ಅದೇ ದಿನ ಡಾಕ್ಟರರಿಗೆ ತೋರಿಸಬೇಕು. ಚಹಾ, ನೀರು, ಗ್ಲೂಕೋಸು ಏನನ್ನೂ ಬಾಯಿಗೆ ಹಾಕಬಾರದು. ಉಸಿರಿನ ದಾರಿಗೆ ಹೋಗಬಹುದು, ಆಪರೇಷನ್ ಬೇಕಾದರೆ ಅರಿವಳಿಕೆಗೂ ತೊಡಕು. ಏಟು ಬಿದ್ದವನಿಗೆ ಬಿಸಿ ಚಹಾ ಕೊಡುವುದು ನಮ್ಮ ಕಸುಬಿನ ಅಭ್ಯಾಸ, ಬಿಡುವುದು ಕಷ್ಟ.

ಮೇಲಿಂದ ಬಿದ್ದವರ ವಿಷಯ ಬೇರೆ. ನಮ್ಮಲ್ಲಿ ಹುಡುಗರು ಪೋಟ್‌ಮಾಳದ ಮೇಲೆ ಸಾಮಾನು ಇಡುತ್ತಾರೆ, ಕೆಲವು ಕಡೆ ಅಲ್ಲಿಯೇ ಮಲಗುತ್ತಾರೆ. ಏಣಿಯಿಂದ ಜಾರಿ ಬಿದ್ದವನನ್ನು ಕಂಕುಳಿಗೆ ಕೈ ಹಾಕಿ ಎಬ್ಬಿಸಿ ಕೂರಿಸಬೇಡಿ. ಮಲಗಿದ್ದಲ್ಲೇ ಕೇಳಿ: ಕುತ್ತಿಗೆ ನೋವಿದೆಯೇ, ಕಾಲಿನ ಹೆಬ್ಬೆರಳು ಆಡಿಸು, ನಾನು ಯಾವ ಕಾಲು ಮುಟ್ಟಿದೆ ಹೇಳು. ಆಡಿಸಲು ಆಗದಿದ್ದರೆ, ಜೋಮು ಹಿಡಿದಿದೆ ಎಂದರೆ, ಕುತ್ತಿಗೆ ಬೆನ್ನು ನೋವು ಎಂದರೆ, 108ಕ್ಕೆ ಫೋನು ಮಾಡಿ ಅಲ್ಲಿಯೇ ಕಾಯಬೇಕು. ಮಹಾರಾಷ್ಟ್ರದಲ್ಲಿ 108ರ ಸೇವೆ 2014ರಿಂದ ಇದೆ, ದುಡ್ಡು ಕೊಡಬೇಕಾಗಿಲ್ಲ.

ಗಾಯದ ಹೆಸರುಗಳು

ಗಾಯ ಎಂದರೆ ನಮಗೆ ಒಂದೇ, ಡಾಕ್ಟರರಿಗೆ ಹಲವು. ಚರ್ಮ ತರಚಿದ್ದು ಅಬ್ರೇಷನ್. ಚರ್ಮ ಹರಿಯದೆ ಕಂದಿ ಬಾತದ್ದು ಕಂಟ್ಯೂಷನ್. ಚೂರಿಯಂಥ ಹರಿತದಿಂದ ನೇರವಾಗಿ ಕೊಯ್ದದ್ದು ಇನ್‌ಸೈಸ್ಡ್. ಮೊಂಡಾದುದು ಬಡಿದು ಅಂಚು ಹರಿದುಹೋದದ್ದು ಲ್ಯಾಸರೇಷನ್. ಚುಚ್ಚಿದ್ದು ಪಂಕ್ಚರ್, ನಮ್ಮ ಟೈರಿನ ಶಬ್ದವೇ. ಗ್ರೈಂಡರಿನಲ್ಲಿ ಸಿಕ್ಕಿ ಜಜ್ಜಿದ್ದು ಕ್ರಶ್. ಯಾವುದರಿಂದ ಆಯಿತು ಎಂದು ಹೇಳಿದರೆ ಹೆಸರು ಅವರೇ ಇಡುತ್ತಾರೆ. ಆದರೆ "ಕೈಗೆ ಲಾಗಿದೆ" ಎಂದು ಮಾತ್ರ ಹೇಳಿ ನಿಲ್ಲಬಾರದು.

ನಮ್ಮಲ್ಲಿ ಹೆಚ್ಚು ಮೋಸ ಹೋಗುವುದು ತರಕಾರಿ ಕೊಯ್ಯುವಾಗ ಆಗುವ ಕೈಬೆರಳಿನ ಗಾಯದಲ್ಲಿ. ಅರ್ಧ ಇಂಚಿನ ಗಾಯ, ರಕ್ತ ನಿಂತಿತು, ಬ್ಯಾಂಡೇಡ್ ಹಾಕಿ ಮುಗಿಯಿತು ಎಂದುಕೊಳ್ಳುತ್ತೇವೆ. ಗಾಯದ ಕೆಳಗೆ ಬೆರಳನ್ನು ಎಳೆಯುವ ಹಗ್ಗದಂಥ ನರ ಇರುತ್ತದೆ, ಟೆಂಡನ್ ಎಂದು ಹೆಸರು. ಅದು ತುಂಡಾದರೆ ಹೊರಗೆ ಕಾಣುವುದಿಲ್ಲ. ಪ್ರತಿಯೊಂದು ಬೆರಳನ್ನೂ ಬೇರೆ ಬೇರೆಯಾಗಿ ಮಡಿಸಲು ಹೇಳಿ, ನೆಟ್ಟಗೆ ಮಾಡಲು ಹೇಳಿ. ಬೆರಳ ತುದಿಯ ಎಡಬದಿ ಬಲಬದಿ ಎರಡನ್ನೂ ಮೆಲ್ಲನೆ ಮುಟ್ಟಿ, ಒಂದೇ ರೀತಿ ತಿಳಿಯುತ್ತದೆಯೇ ಕೇಳಿ. ಮಡಿಸಲು ಆಗುತ್ತಿಲ್ಲ, ಒಂದು ಬದಿ ಮರಗಟ್ಟಿದೆ ಎಂದರೆ ಗಾಯ ಎಷ್ಟೇ ಸಣ್ಣದಿದ್ದರೂ ಕೈಯ ಸರ್ಜನ್ ನೋಡಬೇಕು. ದೋಸೆ ಹೊಯ್ಯುವವನಿಗೆ ಬೆರಳು ಮಡಿಸಲು ಬರದಿದ್ದರೆ ಅವನ ಸಂಬಳ ಎಷ್ಟಕ್ಕೆ ಇಳಿಯುತ್ತದೆ ಎಂದು ನಿಮಗೇ ಗೊತ್ತು.

ಬೆರಳು ತುಂಡಾಗಿ ಬಿದ್ದರೆ ಅದನ್ನು ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸು ನೀರಿನ ಡಬ್ಬದಲ್ಲಿಡಬೇಕು. ಬೆರಳು ನೇರವಾಗಿ ಐಸಿಗೆ ತಾಗಬಾರದು.

ಎಲುಬಿನ ವಿಷಯಕ್ಕೆ ಡಾಕ್ಟರರು ಹೇಳುವ ಶಬ್ದ ಸ್ವೆಲಿಂಗ್, ಟೆಂಡರ್‌ನೆಸ್, ಡಿಫಾರ್ಮಿಟಿ. ಬಾವು, ಒತ್ತಿದರೆ ನೋವು, ಆಕಾರ ಸೊಟ್ಟ. ಮುರಿದ ತುದಿಗಳು ಉಜ್ಜಿ ಕಟಕಟ ಅನ್ನುವುದಕ್ಕೂ ಕ್ರೆಪಿಟಸ್ ಎಂದು ಹೆಸರಿದೆ, ಅದನ್ನು ನಾವು ಪರೀಕ್ಷೆ ಮಾಡಲು ಹೋಗಬಾರದು.

ಮುಂಬಯಿಯಲ್ಲಿ ಇನ್ನೊಂದು ತೊಡಕು. ಹುಡುಗ ಒಡಿಯಾದಲ್ಲಿ ಅಳುತ್ತಾನೆ, ಮ್ಯಾನೇಜರು ತುಳುವಿನಲ್ಲಿ ನಮಗೆ ಹೇಳುತ್ತಾನೆ, ನಾವು ಹಿಂದಿಯಲ್ಲಿ ಹೇಳುತ್ತೇವೆ, ನರ್ಸ್ ಮರಾಠಿಯಲ್ಲಿ ಕೇಳುತ್ತಾರೆ, ಡಾಕ್ಟರರು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಐದು ಭಾಷೆ ದಾಟುವಾಗ ಅರ್ಧ ಸೋರಿಹೋಗುತ್ತದೆ. ಮುನಿಸಿಪಾಲಿಟಿ ಆಸ್ಪತ್ರೆಗಳಲ್ಲಿ ಕೆಲವು ಮರಾಠಿ ಶಬ್ದ ಗೊತ್ತಿದ್ದರೆ ಕೆಲಸ ಬೇಗ ಆಗುತ್ತದೆ. ಬೇಶುದ್ಧ ಎಂದರೆ ಎಚ್ಚರ ತಪ್ಪಿದ್ದು. ಸೂಜ್ ಎಂದರೆ ಬಾವು. ಬಧಿರ್ ಎಂದರೆ ಮರಗಟ್ಟಿದ್ದು, ಕಿವುಡು ಎಂದು ತಿಳಿಯಬೇಡಿ. ಮುಕಾ ಮಾರ್ ಎಂದರೆ ಹೊರಗೆ ಗಾಯವಿಲ್ಲದ ಒಳಪೆಟ್ಟು, ಕನ್ನಡದಲ್ಲಿ ಮೂಕ ಏಟು ಎನ್ನಬಹುದು, ಬಹಳ ಚೆನ್ನಾದ ಶಬ್ದ. ಭಾಜ್ಲಾ ಎಂದರೆ ಸುಟ್ಟಿತು. ಹಾಡ್ ಎಂದರೆ ಎಲುಬು, ಹಾಡುವ ಹಾಡಲ್ಲ.

ಸುಟ್ಟ ಗಾಯ

ನಮ್ಮ ಕಸುಬಿನ ಗಾಯ ಎಂದರೆ ಇದೇ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇವೆ. ಸುಟ್ಟ ಗಾಯದಲ್ಲಿ ಡಾಕ್ಟರರು ಕೇಳುವುದು ಎರಡು: ಎಷ್ಟು ಆಳ, ಎಷ್ಟು ಅಗಲ.

ಆಳಕ್ಕೆ ಡಿಗ್ರಿ ಎನ್ನುತ್ತಾರೆ. ಕೆಂಪಾಗಿ ಉರಿಯುತ್ತದೆ, ಗುಳ್ಳೆ ಇಲ್ಲ, ಅದು ಮೊದಲನೆಯದು. ಗುಳ್ಳೆ ಎದ್ದು, ಕೆಳಗೆ ಒದ್ದೆಯಾಗಿ, ತಡೆಯಲಾರದ ನೋವಿದ್ದರೆ ಎರಡನೆಯದು. ಚರ್ಮ ಬಿಳಿಯಾಗಿಯೋ ಕಂದಾಗಿಯೋ ಕರಕಲಾಗಿಯೋ ಚರ್ಮದ ಚಪ್ಪಲಿಯಂತೆ ಗಡುಸಾಗಿ, ಮುಟ್ಟಿದರೆ ನೋವೇ ಇಲ್ಲದಿದ್ದರೆ ಮೂರನೆಯದು. ಇಲ್ಲಿಯೇ ನಮ್ಮವರು ಎಡವುವುದು. ನೋವಿಲ್ಲ ಎಂದರೆ ಸಮಾಧಾನ ಪಡುತ್ತೇವೆ. ನೋವು ತಿಳಿಯುವ ನರವೇ ಸುಟ್ಟುಹೋಗಿದೆ ಎಂದು ಅದರ ಅರ್ಥ. "ಬೊಬ್ಬೆ ಹೊಡೆಯುತ್ತಿದ್ದಾನೆ" ಎನ್ನುವುದಕ್ಕಿಂತ "ಮಧ್ಯದಲ್ಲಿ ನೋವು ತಿಳಿಯುತ್ತಿಲ್ಲ" ಎಂಬ ಮಾತು ದೊಡ್ಡದು.

ಅಗಲ ಹೇಳಲು ಸುಲಭದ ಅಳತೆ, ಗಾಯಗೊಂಡವನದೇ ಅಂಗೈ. ಬೆರಳು ಸೇರಿಸಿ ಅವನ ಒಂದು ಅಂಗೈ ಅವನ ಮೈಯ ಸುಮಾರು ನೂರರಲ್ಲಿ ಒಂದು ಪಾಲು. ಮೂರು ಅಂಗೈಯಷ್ಟು ಸುಟ್ಟಿದ್ದರೆ 3 ಪರ್ಸೆಂಟ್. ನಮ್ಮ ಅಂಗೈ ಅಲ್ಲ, ಅವನದು. ದೊಡ್ಡ ಗಾಯಕ್ಕೆ ಒಂಬತ್ತರ ಲೆಕ್ಕ ಇದೆ, ವ್ಯಾಲೇಸ್ ಎಂಬ ಡಾಕ್ಟರರು 1951ರಲ್ಲಿ ಪ್ರಕಟಿಸಿದ್ದು. ತಲೆ ಮತ್ತು ಮುಖ 9, ಒಂದೊಂದು ಕೈ 9, ಎದೆ ಹೊಟ್ಟೆ ಸೇರಿ ಮುಂಭಾಗ 18, ಬೆನ್ನಿನ ಭಾಗ 18, ಒಂದೊಂದು ಕಾಲು 18, ಗುಪ್ತಾಂಗ 1. ಕೂಡಿಸಿ ನೋಡಿ, ಸರಿಯಾಗಿ ನೂರು. ಬಾಣಲೆ ಮಗುಚಿ ಒಂದು ಕೈ ಪೂರ್ತಿ, ಎದೆ ಹೊಟ್ಟೆಯ ಅರ್ಧ ಸುಟ್ಟರೆ 9 ಮತ್ತು 9, ಹದಿನೆಂಟು. ಬರೀ ಕೆಂಪಾದದ್ದನ್ನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ದೊಡ್ಡವರಲ್ಲಿ 15 ದಾಟಿದರೆ ಮೈಯ ನೀರು ಸೋರಿ ಶಾಕ್ ಆಗುವ ಅಪಾಯ, ಬಾಟಲಿ ಹಾಕಲೇಬೇಕು. ಎಷ್ಟು ಬಾಟಲಿ ಎಂದು ಅವರು ಲೆಕ್ಕ ಹಾಕುವುದು ಈ ಪರ್ಸೆಂಟ್ ಮತ್ತು ಸುಟ್ಟ ಸಮಯದ ಮೇಲೆ, ಆಸ್ಪತ್ರೆಗೆ ಬಂದ ಸಮಯದ ಮೇಲೆ ಅಲ್ಲ. ಹಾಗಾಗಿ ಗಡಿಯಾರ ನೋಡಿಕೊಳ್ಳುವುದು ಮುಖ್ಯ. ಮುಖ, ಅಂಗೈ, ಪಾದ, ಕೀಲು, ಗುಪ್ತಾಂಗ ಸುಟ್ಟರೆ ಪರ್ಸೆಂಟ್ ಕಡಿಮೆ ಇದ್ದರೂ ಆಸ್ಪತ್ರೆಯೇ.

ಮಾಡಬೇಕಾದ ಮದ್ದು ಒಂದೇ, ನಲ್ಲಿಯ ಹರಿಯುವ ನೀರು, 20 ನಿಮಿಷ. ನಮ್ಮ ಹಳೆ ಭಟ್ಟರು ಒಬ್ಬರು ದೋಸೆ ಹಿಟ್ಟು ಹಚ್ಚುತ್ತಿದ್ದರು, ಇನ್ನೊಬ್ಬರು ಟೂತ್‌ಪೇಸ್ಟ್, ಮತ್ತೊಬ್ಬರು ಅರಸಿನ. ಹಚ್ಚಿದ್ದನ್ನು ಆಸ್ಪತ್ರೆಯಲ್ಲಿ ಕೆರೆದು ತೆಗೆಯಬೇಕು, ಕೆಳಗಿನ ಬಣ್ಣವೂ ಡಾಕ್ಟರರಿಗೆ ಕಾಣುವುದಿಲ್ಲ. ಐಸು ಕೂಡಾ ಬೇಡ. ಉಂಗುರ, ಗಡಿಯಾರ, ಕೈಗೆ ಕಟ್ಟಿದ ದಾರ ಬಾವು ಬರುವ ಮೊದಲೇ ತೆಗೆಯಬೇಕು. ಎಣ್ಣೆ ಹೀರಿದ ಬಟ್ಟೆ ಮೈಗೆ ಅಂಟಿರದಿದ್ದರೆ ತೆಗೆಯಬೇಕು, ಅಂಟಿದ್ದನ್ನು ಎಳೆಯಬಾರದು. ಆಮೇಲೆ ಪಾರ್ಸೆಲಿಗೆ ಬಳಸುವ ಕ್ಲಿಂಗ್ ಫಿಲ್ಮನ್ನು, ಮೊದಲ ಸುತ್ತು ಬಿಟ್ಟು, ಗಾಯದ ಮೇಲೆ ಹಾಸಿದರೆ ಸಾಕು, ಸುತ್ತಿ ಬಿಗಿಯಬಾರದು. ಪಾರದರ್ಶಕವಾದ್ದರಿಂದ ಡಾಕ್ಟರರು ತೆಗೆಯದೆಯೇ ನೋಡಬಹುದು. ಸುಟ್ಟದ್ದು ದೊಡ್ಡದಿದ್ದರೆ ಉಳಿದ ಮೈಗೆ ಕಂಬಳಿ ಹೊದಿಸಬೇಕು, ನೀರಿನಿಂದ ಮೈ ತಣ್ಣಗಾಗಿಬಿಡುತ್ತದೆ.

ಹೊಗೆ ಕುಡಿದವರನ್ನು ಬೇರೆಯೇ ನೋಡಬೇಕು. ಲೋವರ್ ಪರೇಲಿನ ಕಮಲಾ ಮಿಲ್ಸ್ ಆವರಣದ ರೆಸ್ಟೋರೆಂಟುಗಳ ಬೆಂಕಿ ನಮ್ಮವರಿಗೆಲ್ಲ ನೆನಪಿದೆ. 2017ರ ಡಿಸೆಂಬರ್ 29ರ ನಡುರಾತ್ರಿ ಅಲ್ಲಿ 14 ಜನ ತೀರಿಕೊಂಡರು. ಬೆಂಕಿ ಸುಟ್ಟದ್ದಕ್ಕಿಂತ ಹೊಗೆಗೆ ಉಸಿರು ಕಟ್ಟಿದ್ದೇ ಸಾವಿಗೆ ಕಾರಣವಾಯಿತು. ಮುಚ್ಚಿದ ಅಡುಗೆ ಕೋಣೆಯಲ್ಲಿ ಗ್ಯಾಸು ಭಗ್ಗೆಂದಾಗ ಅಲ್ಲಿದ್ದವನ ಮೂಗಿನ ಹೊಳ್ಳೆಯಲ್ಲಿ ಮಸಿ ಇದೆಯೇ, ಮೂಗಿನ ಕೂದಲು, ಹುಬ್ಬು ಸುಟ್ಟಿದೆಯೇ, ಸ್ವರ ಒಡೆದಿದೆಯೇ, ಕಫ ಕಪ್ಪಾಗಿದೆಯೇ ನೋಡಿ. ಮೈಮೇಲೆ ಒಂದು ಗುಳ್ಳೆ ಇಲ್ಲದಿದ್ದರೂ ಗಂಟಲ ಒಳಗೆ ಬಾವು ಬಂದು ಉಸಿರಿನ ದಾರಿ ಮುಚ್ಚಬಹುದು. ಆಸ್ಪತ್ರೆಗೆ ಹೋದ ಕೂಡಲೇ ಹೇಳಬೇಕಾದ ಮೊದಲ ವಾಕ್ಯ "ಮುಚ್ಚಿದ ಕೋಣೆಯಲ್ಲಿದ್ದ, ಸ್ವರ ಬದಲಾಗಿದೆ" ಎಂದು.

ಕರೆಂಟಿನ ಗಾಯವೂ ಹಾಗೆಯೇ ಮೋಸದ್ದು. ಮೊದಲು ಮೇನ್ ಸ್ವಿಚ್, ಆಮೇಲೆ ಮನುಷ್ಯ. ಕೈಯಲ್ಲಿ ಕಡಲೆಯಷ್ಟು ಕಪ್ಪು ಗುರುತು, ಕಾಲಿನಲ್ಲಿ ಇನ್ನೊಂದು, ಒಳಹೊಕ್ಕದ್ದು ಒಂದು ಕಡೆ, ಹೊರಟದ್ದು ಇನ್ನೊಂದು ಕಡೆ. ಎರಡನ್ನೂ ಹುಡುಕಿ ತೋರಿಸಬೇಕು. ಇ.ಸಿ.ಜಿ. ತೆಗೆಸದೆ ಮರಳಬಾರದು.

ನಮ್ಮ ಕಡೆಯವರಿಗೆ ಹತ್ತಿರದ ದೊಡ್ಡ ಮುನಿಸಿಪಾಲಿಟಿ ಆಸ್ಪತ್ರೆ ಕಾಂದಿವಲಿಯ ಶತಾಬ್ದಿ, ಅಂದರೆ ಬಾಬಾಸಾಹೇಬ್ ಅಂಬೇಡ್ಕರ್ ಆಸ್ಪತ್ರೆ, ಅದರ ಆಚೆಗೆ ಕೂಪರ್. ಸುಟ್ಟ ಗಾಯಕ್ಕೇ ಮೀಸಲಾದ ನ್ಯಾಷನಲ್ ಬರ್ನ್ಸ್ ಸೆಂಟರ್ ನವಿ ಮುಂಬಯಿಯ ಐರೋಲಿಯಲ್ಲಿದೆ. ದೊಡ್ಡ ಗಾಯವಾದರೆ ಮೊದಲು ಹತ್ತಿರದಲ್ಲಿ ಬಾಟಲಿ ಹಾಕಿಸಿ, ಅವರು ಹೇಳಿದ ಮೇಲೆ ಮುಂದೆ ಸಾಗಿಸುವುದು ಕ್ಷೇಮ. ಹೈವೇಯ ಟ್ರಾಫಿಕ್ಕಿನಲ್ಲಿ ಏನಾಗಬಹುದು ಎಂದು ಹೇಳಬೇಕಾಗಿಲ್ಲ.

ಎಂ.ಎಲ್.ಸಿ. ಎಂದರೆ ಹೆದರಬೇಡಿ

ನಮ್ಮಲ್ಲಿ ಕೆಲವರು ಪೊಲೀಸು ಬರುತ್ತಾರೆಂದು ಹೆದರಿ ಸುಳ್ಳು ಹೇಳುತ್ತಾರೆ. ಗ್ರೈಂಡರಿನಲ್ಲಿ ಕೈ ಸಿಕ್ಕಿದ್ದನ್ನು "ಬಾಗಿಲಿಗೆ ಸಿಕ್ಕಿತು" ಎನ್ನುವುದು, ಬಿಸಿ ಎಣ್ಣೆಯನ್ನು ಬಿಸಿನೀರು ಎನ್ನುವುದು. ಎಣ್ಣೆಯ ಬಿಸಿ ನೀರಿಗಿಂತ ಎಷ್ಟು ಹೆಚ್ಚು ಎಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಡಾಕ್ಟರರು ಗಾಯವನ್ನು ನೀರಿನ ಲೆಕ್ಕದಲ್ಲಿ ನೋಡಿದರೆ ನಷ್ಟ ಹುಡುಗನಿಗೆ. ಮೆಡಿಕೋ ಲೀಗಲ್ ಕೇಸ್ ಎಂದು ದಾಖಲಿಸುವುದು ಆಸ್ಪತ್ರೆಯ ನಿಯಮ, ನಮ್ಮ ಮೇಲಿನ ಆರೋಪ ಅಲ್ಲ. ಕೇಸ್ ಪೇಪರಿನಲ್ಲಿ ಅಲೆಜ್ಡ್ ಹಿಸ್ಟರಿ ಎಂದು ಬರೆದು, ಕರೆತಂದವರು ಹೀಗೆ ಹೇಳಿದರು ಎಂದು ಸೇರಿಸುತ್ತಾರೆ. ಗಾಯ ಒಂದು ಹೇಳಿ, ನಾವು ಇನ್ನೊಂದು ಹೇಳಿದರೆ ಆಗಲೇ ಸಂಶಯ ಹುಟ್ಟುವುದು. ನಾಳೆ ಹುಡುಗನಿಗೆ ಪರಿಹಾರವೋ ಇನ್ಶೂರೆನ್ಸೋ ಸಿಗಬೇಕಾದರೂ ಆ ಮೊದಲ ಕಾಗದವೇ ಆಧಾರ. ಪೊಲೀಸು ಕಾಗದ ಆಗುವ ಮೊದಲು ಮುಟ್ಟುವುದಿಲ್ಲ ಎಂದು ಯಾವ ಆಸ್ಪತ್ರೆಯೂ ಹೇಳುವಂತಿಲ್ಲ. ಸುಪ್ರೀಂ ಕೋರ್ಟು 1989ರಲ್ಲೇ ಪರಮಾನಂದ ಕಟಾರಾ ಕೇಸಿನಲ್ಲಿ ಜೀವ ಉಳಿಸುವುದು ಮೊದಲು ಎಂದು ತೀರ್ಪು ಕೊಟ್ಟಿದೆ.

ಈಗ ನಮ್ಮಲ್ಲಿ ಎರಡು ನಿಯಮ ಮಾಡಿದ್ದೇವೆ. ಆಸ್ಪತ್ರೆಗೆ ಜೊತೆಗೆ ಹೋಗುವವನು ಬಿಡುವಾಗಿರುವವನಲ್ಲ, ಕಣ್ಣಾರೆ ನೋಡಿದವನು. ಊಟದ ಹೊತ್ತಾದರೂ ಸರಿ, ಅವನೇ ಹೋಗಬೇಕು, ಗಲ್ಲದಲ್ಲಿ ಕೂತ ನಾವು ಬೇಕಾದರೆ ಸಪ್ಲೈ ಮಾಡುತ್ತೇವೆ. ಎರಡನೆಯದು, ಗಲ್ಲದ ಹಿಂದೆ ಒಂದು ರಟ್ಟು, ಅದಕ್ಕೆ ದಾರ ಕಟ್ಟಿದ ಪೆನ್ನು, ಕೆಲವು ಚೀಟಿ. ಸಮಯ, ಯಾವುದರಿಂದ, ಎಲ್ಲಿ, ಎಚ್ಚರ, ನಾಡಿ, ಕೊನೆಗೆ ತಿಂದದ್ದು ಎಷ್ಟು ಗಂಟೆಗೆ, ಶುಗರ್ ಬಿ.ಪಿ. ಮಾತ್ರೆ ಇದೆಯೇ, ಯಾವ ಮದ್ದು ಆಗುವುದಿಲ್ಲ, ಟಿ.ಟಿ. ಇಂಜೆಕ್ಷನ್ ಯಾವಾಗ. ಯಾವ ಭಾಷೆಯಲ್ಲಿ ಬರೆದರೂ ನಡೆಯುತ್ತದೆ. ಇಬ್ಬರು ಹುಡುಗರನ್ನು ಸೇಂಟ್ ಜಾನ್ ಆಂಬುಲೆನ್ಸಿನ ಪ್ರಥಮ ಚಿಕಿತ್ಸೆಯ ತರಬೇತಿಗೂ ಕಳಿಸಿದ್ದೇವೆ.

ಕಳೆದ ಸಲ ವಡೆಯ ಬಾಣಲೆಯ ಎಣ್ಣೆ ಸಿಡಿದಾಗ ಅವರಲ್ಲೊಬ್ಬ ಬರೆದ ಚೀಟಿ ಹಿಂದಿಯಲ್ಲಿತ್ತು. ಕನ್ನಡದಲ್ಲಿ ಹೀಗೆ ಆಗುತ್ತದೆ: "11.20. ವಡೆ ಎಣ್ಣೆ. ಬಲ ಮುಂಗೈ, ಅವನ ಎರಡು ಅಂಗೈಯಷ್ಟು. ಗುಳ್ಳೆ ಇದೆ, ನೋವು ಜೋರು ಇದೆ. ಬೆರಳು ಐದೂ ಮಡಿಸುತ್ತಾನೆ. ನೀರು 20 ನಿಮಿಷ. ಉಂಗುರ ತೆಗೆದು ಸೇಠ್ ಹತ್ತಿರ ಕೊಟ್ಟಿದೆ. 8 ಗಂಟೆಗೆ ಉಪ್ಪಿಟ್ಟು, ಚಹಾ. ಶುಗರ್ ಇಲ್ಲ. ಟಿ.ಟಿ. ನೆನಪಿಲ್ಲ." ಡಾಕ್ಟರರು ಅದನ್ನು ಓದಿ, ಕೇಸ್ ಪೇಪರಿಗೆ ಪಿನ್ನು ಹಾಕಿ ಇಟ್ಟುಕೊಂಡರಂತೆ.